ತಿರುಗುವುದಕ್ಕೆಲ್ಲ ಎಣ್ಣೆ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಹಾಗೆ ಅಂದವರ ಮನೆಯ ಕಿಟಕಿಯಿಂದ ಯಾರೂ ಗುಟಖಾ ಉಗುಳಿರಲಿಕ್ಕಿಲ್ಲ.

ಹೋದ ತಿಂಗಳು ಅವನು ತೀರಿಕೊಂಡ. ಬನಹಟ್ಟಿ ಬಸ್‌ಸ್ಟ್ಯಾಂಡಿನ ಎದುರಿಗೆ, ಮೆಟ್ಟಿಲು ಹತ್ತಿ ಹೋಗುವ ಜಾಗದಲ್ಲಿ ಅವನ ಇಂಟರ್ನೆಟ್ ಸೆಂಟರ್ ಇತ್ತು. ಈಗ ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಮೆಟ್ಟಿಲ ಮೂಲೆಯ ಕೆಂಪು ಕಲೆ ಮಾತ್ರ ಹಾಗೇ ಇದೆ. ಹೊಸಬರು ಸುಣ್ಣ ಬಳಿದರೂ ಮತ್ತೆ ಮೇಲೆ ಬಂದಿದೆ. ಊರಿನವರು ಅವನ ಗುಣಗಾನ ಮಾಡುತ್ತಿದ್ದಾರೆ. ನಮ್ಮ ಓಣಿಗೆಲ್ಲ ಕಂಪ್ಯೂಟರ್ ತೋರಿಸಿದವನೇ ಅವನು ಎಂದು ಒಬ್ಬರು, ಯಾವಾಗ ಕರೆದರೂ ಬರುತ್ತಿದ್ದ ಎಂದು ಇನ್ನೊಬ್ಬರು. ಬರುತ್ತಿದ್ದದ್ದು ನಿಜ. ಕರೆಯದಿದ್ದಾಗಲೂ ಬರುತ್ತಿದ್ದ, ನನ್ನ ತಕರಾರು ಅದೇ.

ಅವನ ಹೆಸರು ಬರೆಯುವುದಿಲ್ಲ. ಅವನ ಹೆಂಡತಿ ಇದ್ದಾಳೆ, ಒಳ್ಳೆಯ ಹೆಂಗಸು, ಅವಳಿಗೆ ನೋವಾಗಬಾರದು. ವಯಸ್ಸಿನಲ್ಲಿ ನನಗಿಂತ ದೊಡ್ಡವನಾದ್ದರಿಂದ ‘ಅವರು’ ಎಂದು ಬರೆಯಬೇಕಿತ್ತು. ಪ್ರಯತ್ನ ಮಾಡಿದೆ, ಆಗಲಿಲ್ಲ.

ಮೊದಲು ಅವನು ಮಗ್ಗದ ಜಾಬರ್. ಪವರ್‌ಲೂಮ್ ಕೆಟ್ಟರೆ ಸರಿಮಾಡುವವನಿಗೆ ನಮ್ಮಲ್ಲಿ ಜಾಬರ್ ಅನ್ನುತ್ತಾರೆ. ಆ ಕೆಲಸದಲ್ಲಿ ಅವನು ಕೆಟ್ಟವನಲ್ಲ ಎಂದು ಅಪ್ಪ ಹೇಳುತ್ತಿದ್ದ. ಉದ್ದ ಮೂಗಿನ ಎಣ್ಣೆಯ ಕುಪ್ಪಿಯೊಂದನ್ನು ಹಿಡಿದುಕೊಂಡು ಓಣಿ ಓಣಿ ಸುತ್ತುತ್ತಿದ್ದ. ಆಮೇಲೆ ದಿನಾ ಬಸ್ಸಿನಲ್ಲಿ ಜಮಖಂಡಿಗೆ ಹೋಗಿ ಬಂದು ಕಂಪ್ಯೂಟರ್ ಕ್ಲಾಸ್ ಮುಗಿಸಿದ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ. ಬೆಳಿಗ್ಗೆ ಎರಡಕ್ಕೂ ಒಂದೇ ಊದಿನಕಡ್ಡಿ ಬೆಳಗುತ್ತಿದ್ದ. ದೇವರಿಗೆ ಮೊದಲು ಬೆಳಗುತ್ತಿದ್ದನೋ ಸರ್ಟಿಫಿಕೇಟಿಗೋ ನನಗೆ ಗೊತ್ತಿಲ್ಲ.

ಅವನ ಸೆಂಟರಿಗೆ ನಾನು ಹೋದದ್ದು ಕಡಿಮೆ. ಕೀಬೋರ್ಡುಗಳು ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದ ಹಾಗೆ ಬೆರಳಿಗೆ ಅಂಟುತ್ತಿದ್ದವು. ಪರದೆಯ ಮೇಲೆ ಏನಾದರೂ ಕಲೆ ಇದೆ ಎಂದರೆ ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸುತ್ತಿದ್ದ. ಕಲೆ ಇನ್ನಷ್ಟು ಅಗಲವಾಗುತ್ತಿತ್ತು, ಅದರ ಬಣ್ಣವೂ ಬದಲಾಗುತ್ತಿತ್ತು. ಬಾಯಿ ತುಂಬ ಗುಟಖಾ ಇರುತ್ತಿದ್ದುದರಿಂದ ಮಾತಾಡುವಾಗ ಗದ್ದ ಮೇಲಕ್ಕೆತ್ತಿ, ಮಾಳಿಗೆಯ ಜಂತಿ ನೋಡುತ್ತ ಮಾತಾಡುತ್ತಿದ್ದ. ಒಮ್ಮೆ ನಮ್ಮ ಮನೆಯ ಕಿಟಕಿಯಿಂದ ಹೊರಗೆ ಉಗುಳಿದ. ಹೊರಗೆ ಅವ್ವ ಬಿಳಿ ನೂಲಿನ ಲಡಿಗಳನ್ನು ಒಣಹಾಕಿದ್ದಳು. ಅವ್ವ ಕೂಗಿಕೊಂಡರೆ ಅವನು ಇಣುಕಿ ನೋಡಿ, “ನಾ ಬಣ್ಣದ ನೂಲಂತ ತಿಳಕೊಂಡಿದ್ನ್ಯವ್ವಾ” ಅಂದ. ಬಣ್ಣದ್ದಾಗಿದ್ದರೆ ಉಗುಳಬಹುದು ಎಂಬುದು ಅವನ ಲೆಕ್ಕ.

ಅವನ ಬಾಯಲ್ಲಿ ಸದಾ ಎರಡು ಮಾತು. ಒಂದು ಮಗ್ಗದಿಂದ ಬಂದದ್ದು: “ತಿರಗೂದಕ್ಕೆಲ್ಲಾ ಎಣ್ಣಿ ಬೇಕ್ರಿ.” ಇನ್ನೊಂದು ಜಮಖಂಡಿಯ ಕ್ಲಾಸಿನಿಂದ ಬಂದದ್ದು: “ಸೆಟ್ಟಿಂಗ್ ಇಳಸ್ರಿ.” ಕಂಪ್ಯೂಟರಿನ ಯಾವ ರೋಗಕ್ಕೂ ಅವನ ಹತ್ತಿರ ಇವೆರಡೇ ಔಷಧ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರು ತಮ್ಮ ಕಂಪ್ಯೂಟರ್ ನಿಧಾನವಾಗಿ ಕೆಲಸ ಮಾಡುತ್ತದೆ ಎಂದು ಕರೆಸಿದರು. ಇವನು ಪರದೆಯ ರೆಸಲ್ಯೂಶನ್ ಇಳಿಸಿ, ಅಕ್ಷರಗಳನ್ನು ರೊಟ್ಟಿಯಷ್ಟು ದೊಡ್ಡದು ಮಾಡಿ ಬಂದ. “ಈಗ ಲಗೂ ಆತ ನೋಡ್ರಿ” ಅಂದನಂತೆ. ವೇಗವೇನೂ ಹೆಚ್ಚಿರಲಿಲ್ಲ. ನೋಡುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ, ಅಷ್ಟೆ.

ನಾನು ಆಗ ಜಮಖಂಡಿಯ ಕಚೇರಿಯೊಂದರಲ್ಲಿ, ಅಣೆಕಟ್ಟಿನ ಹಿನ್ನೀರಿಗೆ ಹೋದ ಹೊಲಮನೆಗಳ ಕಡತಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದೆ. ಮನೆಯಲ್ಲೂ ಒಂದಿಷ್ಟು ಟೈಪು ಮಾಡಿದರೆ ಬಸ್ಸಿಗೆ ಓಡುವ ಗಡಿಬಿಡಿ ತಪ್ಪುತ್ತದೆ ಎಂದು ಒಂದು ಸಾದಾ ಮಷೀನು ಜೋಡಿಸಿಕೊಡಲು ಅವನಿಗೆ ಹೇಳಿದೆ. ಊರಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ತಂದದ್ದು ನೀಲಿ ದೀಪ ಉರಿಯುವ ಡಬ್ಬಿ. ಒಳಗೆ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್.

“ನನಗ ಟೈಪ್ ಮಾಡೂದಷ್ಟ ಐತ್ರಿ, ಇದ್ಯಾಕ?” ಅಂದೆ.

“ಕಾರ್ಡ್ ಇಲ್ಲದ ಕಂಪ್ಯೂಟರ್ ಅಂದ್ರ ನೂಲಿಲ್ಲದ ಲಾಳಿ ಇದ್ದಂಗ್ರಿ ಅಕ್ಕಾರ” ಎಂದು ಜಂತಿ ನೋಡುತ್ತ ಹೇಳಿದ. ಕೇಳದೆಯೇ ಒಂದು ಕಾರಿನ ಆಟವನ್ನೂ ತುಂಬಿದ್ದ. ಗುಡ್ಡದ ರಸ್ತೆ, ಎರಡೂ ಕಡೆ ಗಿಡಗಳು, ಮಳೆ, ಸೇತುವೆ, ಸೇತುವೆ ದಾಟಿದ ಕೂಡಲೆ ಬಲಕ್ಕೊಂದು ಕಡಿದಾದ ತಿರುವು. ಅಳಿಸಿಬಿಡಬೇಕು ಅಂದುಕೊಂಡೆ. ಕೆಲಸದ ಗದ್ದಲದಲ್ಲಿ ಉಳಿದುಹೋಯಿತು.

ಮಷೀನನ್ನು ನಡುಮನೆಯಲ್ಲಿಟ್ಟೆವು. ನಡುಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದು ಜಾಲರಿ ಕಿಟಕಿ. ಶೆಡ್ಡಿನಲ್ಲಿ ನಮ್ಮ ಮಗ್ಗಗಳು ಹಗಲೆಲ್ಲ ಬಡಿದುಕೊಳ್ಳುತ್ತಿದ್ದವು. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ನೂಲಿನಿಂದ ಉದುರಿ ಹಾರಾಡುವ ಹತ್ತಿಯ ಅರಳು ಕಣ್ಣಿಗೇ ಬೀಳುವುದಿಲ್ಲ. ಅದು ತಲೆಗೂದಲಲ್ಲಿ ಇರುತ್ತದೆ, ಹುಬ್ಬಿನ ಮೇಲೆ ಇರುತ್ತದೆ, ಅನ್ನದ ಬೋಗುಣಿ ಮುಚ್ಚದಿದ್ದರೆ ಅದರಲ್ಲೂ ಇರುತ್ತದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿಂದ ಹೆಸರು ಬರೆಯಬಹುದು.

ಅಮಾವಾಸ್ಯೆ ದಿನ ನಮ್ಮಲ್ಲಿ ಮಗ್ಗ ನಿಲ್ಲಿಸುತ್ತಾರೆ. ಜಾಡಿಸಿ, ಒರೆಸಿ, ಕೀಲುಕೀಲಿಗೆ ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಾರೆ. ಸೆಂಟರ್ ತೆರೆದ ಮೇಲೂ ಅವನು ಈ ಪದ್ಧತಿ ಬಿಡಲಿಲ್ಲ. ಒಂದು ಅಮಾವಾಸ್ಯೆಯನ್ನೂ ತಪ್ಪಿಸದೆ ಕುಪ್ಪಿ ಹಿಡಿದು ಬರುತ್ತಿದ್ದ. ಮಗ್ಗಕ್ಕೆ ಎಣ್ಣೆ ಬಿಟ್ಟ ಮೇಲೆ ನಡುಮನೆಗೆ ಬಂದು ಕಂಪ್ಯೂಟರಿನ ಪಕ್ಕದ ತಗಡು ತುಸು ಸಡಿಲಿಸಿ, ಒಳಗಿನ ಫ್ಯಾನಿಗೂ ಅದೇ ಕುಪ್ಪಿಯಿಂದ ಎಣ್ಣೆ ಬಿಡುತ್ತಿದ್ದ. ಡಬ್ಬಿಗೂ ವಿಭೂತಿ, ಕುಂಕುಮ, ಮೇಲೊಂದು ಲಿಂಬೆಹಣ್ಣು. “ಇದೂ ತಿರಗತೈತಲ್ರಿ” ಅನ್ನುತ್ತಿದ್ದ. ಅವ್ವ ಅವನಿಗೆ ಹೋಳಿಗೆ ಹಾಕಿ ಚಹಾ ಕೊಡುತ್ತಿದ್ದಳು. ನಮಗೆ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ತಿರುಗುವ ಯಂತ್ರಕ್ಕೆ ಅಮಾವಾಸ್ಯೆಗೆ ಎಣ್ಣೆ ಬಿಡುವುದು ನಮ್ಮ ಓಣಿಯಲ್ಲಿ ಸ್ನಾನ ಮಾಡಿದಷ್ಟೇ ಸಹಜ.

ಆ ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಭಾಗ ಬಿತ್ತು. ಮಾತು ಬೇಗ ತಿರುಗಿ ಬಂತು, ಕಾಲೂ ಎಳೆದುಕೊಂಡು ನಡೆಯುವಷ್ಟಾಯಿತು. ಕೈ ಬರಲಿಲ್ಲ. ಡಾಕ್ಟರರು ಕೈಗೆ ಕೆಲಸ ಕೊಡಿ ಅಂದರು. ಬಿಟ್ಟರೆ ಬೆರಳು ಸೆಟೆದು ಹೋಗುತ್ತವೆ, ಆಮೇಲೆ ಯಾರಿಂದಲೂ ಏನೂ ಆಗದು ಅಂದರು. ಒತ್ತಲಿಕ್ಕೆಂದು ರಬ್ಬರ್ ಚೆಂಡು ಕೊಟ್ಟರು. ಅಪ್ಪ ಅದನ್ನು ಎಡಗೈಯಿಂದ ಅಂಗಳಕ್ಕೆ ಒಗೆದ. “ನಾ ಏನ್ ಕೂಸೇನು?” ಅಂದ.

ಒಂದು ಭಾನುವಾರ ಕೈತಪ್ಪಿ ಆ ಕಾರಿನ ಆಟ ತೆರೆದುಕೊಂಡಿತು. ಮುಚ್ಚಲು ಹೋದೆ. ಮಂಚದ ಮೇಲಿದ್ದ ಅಪ್ಪ, “ತಡಿ ಬೇ, ಅದ್ಹೆಂಗ ಓಡತೈತಿ?” ಅಂದ. ಬಾಣದ ಗುರುತಿನ ಕೀಗಳು ಕೀಬೋರ್ಡಿನ ಬಲಕ್ಕಿರುತ್ತವೆ. ಅವನ ಬಲಗೈಯನ್ನು ನಾನೇ ಎತ್ತಿ ಅದರ ಮೇಲೆ ಇಟ್ಟೆ. ಕಾರು ಹೋಗಿ ಗೋಡೆಗೆ ಬಡಿಯಿತು. ಅಪ್ಪ ನಕ್ಕ. ಲಕ್ವಾ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಅಂದಿನಿಂದ ಬೆಳಗಾದರೆ ಅದೇ ಕೆಲಸ. ಗೋಡೆಗೆ ಬಡಿಯುವುದು ಕಡಿಮೆಯಾಯಿತು. ಕಾರು ಸೇತುವೆಯವರೆಗೆ ಹೋಗತೊಡಗಿತು. ಸೇತುವೆ ಮುಂದಿನ ಬಲತಿರುವು ಅಪ್ಪನ ಗುರಿಯಾಯಿತು. ಒಂದು ದಿನ ಊಟಕ್ಕೆ ಕೂತಾಗ ಅವ್ವನ ಎದುರಿಗೇ ಹೇಳಿದ: “ದೀಪಾವಳಿ ಪಾಡ್ಯದ ಪೂಜಾದಾಗ ಮಗ್ಗದ ಮುಂದ ನಿಂತ ಹರದ ಎಳಿ ನಾನ ಗಂಟ ಹಾಕಬೇಕು. ಆಗಲಿಲ್ಲಂದ್ರ ಮಗ್ಗಾ ಬಿಚ್ಚಿ ಕೊಟ್ಟಬಿಡೂನು. ಗಂಟ ಹಾಕಾಕ ಬರದಾವಗ ಮಗ್ಗ ಯಾಕ?” ಎಳೆಯ ಗಂಟು ಹೆಬ್ಬೆರಳು ತೋರುಬೆರಳಿನ ಕೆಲಸ. ತುದಿಯಲ್ಲಿ ಹಿಡಿಯಲು ಬರಬೇಕು, ಹೊಸೆಯಲು ಬರಬೇಕು. ಅವ್ವ ತಟ್ಟೆ ನೋಡುತ್ತ ಕೂತಳು. ಅಪ್ಪ ಆಡಿದ ಮಾತಿಗೆ ತಪ್ಪುವವನಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಮಳೆಗಾಲ ನಡುವಿಗೆ ಬರುವ ಹೊತ್ತಿಗೆ ಕಾರು ಕೆಟ್ಟಿತು. ಮೊದಲು ಚೆನ್ನಾಗಿಯೇ ಓಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕುಂಟುತ್ತಿತ್ತು. ಚಿತ್ರ ತಡೆದು ತಡೆದು ಜಿಗಿಯುತ್ತಿತ್ತು. ಅಪ್ಪ ಕೀ ಒತ್ತಿದ ಮೇಲೆ ಒಂದು ಗಳಿಗೆ ಬಿಟ್ಟು ಕಾರು ಹೊರಳುತ್ತಿತ್ತು, ಅಷ್ಟರಲ್ಲಿ ಸೇತುವೆಯಿಂದ ಕೆಳಗೆ ಹೋಗಿರುತ್ತಿತ್ತು. ಟೈಪು ಮಾಡುವಾಗ ನನಗೆ ಮಷೀನಿನಲ್ಲಿ ಯಾವ ತೊಂದರೆಯೂ ಕಾಣುತ್ತಿರಲಿಲ್ಲ. ಅಪ್ಪ ಅದನ್ನು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡ. “ಮೊದಲ ಬರತೈತಿ, ಆಮ್ಯಾಲ ಕೈ ದಣೀತೈತಿ” ಅಂದ. ಕೆಲವು ದಿನ ಬಿಟ್ಟು, “ಕಣ್ಣೂ ಹೊಂಟಾವೇನೋ, ಎಲ್ಲಾ ಕುಣದಂಗ ಕಾಣತೈತಿ” ಅಂದ.

ಸೆಂಟರಿನವನನ್ನು ಕರೆಸಿದೆ. ಬಂದ, ಕುರ್ಚಿಯ ಮೇಲೆ ಕಾಲು ಮಡಚಿ ಕೂತ, ಸೆಟ್ಟಿಂಗ್ ತೆರೆದ. “ಶಾಡೋ ಬಾಳ ಇಟ್ಟೀರಿ. ಇಳಸೂನು” ಅಂದ. ಕಾರಿನ ನೆರಳು ಹೋಯಿತು. ಅವತ್ತೊಂದು ದಿನ ಆಟ ತುಸು ಹಗುರವಾಯಿತು, ಮರುದಿನ ಮತ್ತೆ ಕುಂಟಿತು. ಮತ್ತೆ ಬಂದ. ಈ ಸಲ ಮಳೆ ಹೋಯಿತು. ಇನ್ನೊಮ್ಮೆ ಬಂದಾಗ ಗಿಡಗಳು ಹೋದವು.

“ಗಿಡಾ ಎಲ್ಲಿ ಹ್ವಾದುವೋ?” ಅಪ್ಪ ಕೇಳಿದ.

“ತಗದೇನ್ರಿ ಕಾಕಾ. ಭಾರ ಆಗತಿದ್ದುವು.”

“ಗಿಡಾ ಯಾರಿಗೆ ಭಾರ ಆಗತಿದ್ದುವಲೇ?”

“ಕಾರ್ಡಿಗ್ರಿ.”

ಹೀಗೆ ಬಂದು ಬಂದು ಆಕಾಶದ ಮೋಡ ತೆಗೆದ, ರಸ್ತೆಯ ಬದಿಯ ಜನರನ್ನು ತೆಗೆದ, ದೂರದ ಗುಡ್ಡಗಳನ್ನು ತೆಗೆದ. ಕೊನೆಗೆ ಉಳಿದದ್ದು ಬೂದಿಬಣ್ಣದ ರಸ್ತೆ, ಅದರ ಮೇಲೆ ಸೋಪಿನ ಡಬ್ಬಿಯಂಥ ಕಾರು, ಮುಂದೆ ಬರೀ ಬಿಳಿ. “ಹಿನ್ನೀರಾಗ ಮುಳಗಿದ ಬೀಳಗಿ ಕಡೆ ಹಳೇ ರೋಡ್ ಆತ ನೋಡ ಇದು. ಮುಂದ ಏನೂ ಇಲ್ಲ” ಎಂದು ಅಪ್ಪ ಅಂದ. ಆಟ ಮಾತ್ರ ಕುಂಟುತ್ತಲೇ ಇತ್ತು. ಬಿಟ್ಟಿದ್ದರೆ ರಸ್ತೆಯನ್ನೂ ತೆಗೆದು ಹೋಗುತ್ತಿದ್ದ. ಪ್ರತಿ ಅಮಾವಾಸ್ಯೆಗೆ ಕುಪ್ಪಿಯ ಮೂಗನ್ನು ಒಳಗೆ ತೂರಿಸಿ, ಹಿಂದಿನದಕ್ಕಿಂತ ಎರಡು ಹನಿ ಹೆಚ್ಚೇ ಬಿಡುತ್ತಿದ್ದ.

ಸೆಟ್ಟಿಂಗಿನಲ್ಲಿ ಇಳಿಸಲು ಇನ್ನೇನೂ ಉಳಿಯದ ದಿನ ಅವನು ಆ ಮಾತಾಡಿದ. ಅಪ್ಪ ಕೀಬೋರ್ಡಿನ ಮುಂದೆ ಕೂತಿದ್ದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯವರೂ ಬಂದಿದ್ದರು. ಇವನು ಎದ್ದು, ಬಾಯಲ್ಲಿದ್ದದ್ದನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, ಜಂತಿ ನೋಡುತ್ತ ಅಂದ: “ಮಷೀನ್ ಫಸ್ಟ್ ಕ್ಲಾಸ್ ಐತ್ರಿ ಅಕ್ಕಾರ. ನಾನ ಜೋಡಿಸೇನಿ, ನಾನ ಎಣ್ಣಿ ಬಿಡತೇನಿ. ಕಾಕಾರ ಕೈಯಾಗ ಜೀವ ಉಳದಿಲ್ಲ. ಅದಕ್ಕ ಯಾವ ಸೆಟ್ಟಿಂಗ್ ಇಳಸೂದ್ರಿ?”

ಅಪ್ಪ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲೆ ಟವೆಲ್ ಹೊದಿಸಿದ. ಇವನು ಚಹಾ ಕುಡಿದೇ ಹೋದ. ಬಟ್ಟಲು ತೊಳೆಯುವಾಗ ಅದರ ಅಂಚಿಗೆ ಕೆಂಪು ಹತ್ತಿದ್ದು ಕಂಡಿತು. ಬಟ್ಟಲನ್ನು ತಿಪ್ಪೆಗೆ ಒಗೆದೆ.

ಆಮೇಲೆ ಅಪ್ಪ ಕಂಪ್ಯೂಟರಿನ ಕಡೆ ಹೊರಳಿ ನೋಡಲಿಲ್ಲ. ಕೈ ಟವೆಲಿನ ಕೆಳಗೇ ಇರುತ್ತಿತ್ತು. ಉಣ್ಣುವುದು ಎಡಗೈಯಲ್ಲಿ, ಗುಂಡಿ ಹಾಕುವುದು ಅವ್ವನ ಕೈಯಲ್ಲಿ. ಬೆರಳು ಸೆಟೆದು ಹೋಗುತ್ತವೆ ಎಂಬ ಡಾಕ್ಟರರ ಮಾತು ನನ್ನ ತಲೆಯಲ್ಲಿ ಕೂತು ಕೊರೆಯುತ್ತಿತ್ತು. ದಸರೆ ಮುಗಿದು ದೀಪಾವಳಿ ಹತ್ತಿರ ಬರುತ್ತಿತ್ತು. ಮಗ್ಗ ಕೊಳ್ಳುವವರೊಬ್ಬರು ಬಂದು ಶೆಡ್ಡಿನಲ್ಲಿ ಅಡ್ಡಾಡಿ ಹೋದರು. ಅಪ್ಪನೇ ಕರೆಸಿದ್ದನಂತೆ.

ಒಂದು ರಜೆಯ ದಿನ, ಅಪ್ಪ ಅಂಗಳದಲ್ಲಿ ಕೂತಿದ್ದಾಗ, ಸುಮ್ಮನೆ ಆ ಆಟ ಹಚ್ಚಿದೆ. ಯಾರೂ ಆಡದಿದ್ದರೆ ಅದು ತಾನೇ ಒಂದು ಕಾರನ್ನು ಓಡಿಸಿ ತೋರಿಸುತ್ತದೆ. ಅದನ್ನು ಓಡಲು ಬಿಟ್ಟು ನಾನು ಸೊಪ್ಪು ಸೋಸುತ್ತ ಕೂತೆ. ಕಾರು ನೆಟ್ಟಗೆ ಓಡಿತು, ಸೇತುವೆ ದಾಟಿತು, ತಿರುವು ಹಿಡಿಯಿತು. ಮತ್ತೊಂದು ಸುತ್ತು, ಮತ್ತೊಂದು. ಸೊಪ್ಪು ಮುಗಿಯುವ ಹೊತ್ತಿಗೆ ಚಿತ್ರ ತಡೆಯತೊಡಗಿತು. ಕಾರು ಕುಂಟಿತು, ನಿಂತು ನಿಂತು ಜಿಗಿಯಿತು. ಕೀಬೋರ್ಡಿನ ಮೇಲೆ ಯಾರ ಕೈಯೂ ಇರಲಿಲ್ಲ.

ಡಬ್ಬಿಯ ಮೇಲೆ ಅಂಗೈ ಇಟ್ಟರೆ ರೊಟ್ಟಿಯ ಹೆಂಚಿನ ಹಾಗೆ ಕಾದಿತ್ತು. ಅವನಿಗೆ ಹೇಳಿ ಕಳಿಸಿದೆ. ಅಪ್ಪನನ್ನು ಒಳಗೆ ಕರೆತಂದು ಮಂಚದ ಮೇಲೆ ಕೂರಿಸಿದೆ. ಅವನು ಬಂದ.

“ಈ ತಗಡ ಬಿಚ್ಚ್ರಿ” ಅಂದೆ.

“ಈಗ್ಯಾಕ್ರಿ, ಅಮಾಸಿ ಇನ್ನೂ ಬಂದಿಲ್ಲ.”

“ನಾ ಬಿಚ್ಚತೇನಿ ತಗೋರಿ” ಎಂದು ಮಗ್ಗದ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತಂದು, ವೈರು ಕಿತ್ತು, ನಾನೇ ಬಿಚ್ಚಿದೆ.

ಒಳಗೆ ಕಂಡದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಊಟ ಸೇರುವುದಿಲ್ಲ. ಫ್ಯಾನು ಕಾಣಲೇ ಇಲ್ಲ. ಅದಿರಬೇಕಾದಲ್ಲಿ ಕಪ್ಪು ಕಂಬಳಿಯ ತುಂಡಿನಂಥದ್ದೊಂದು ದಪ್ಪಗೆ ಕೂತಿತ್ತು. ಹತ್ತಿಯ ಅರಳು ಎಣ್ಣೆ ಕುಡಿದು, ಮತ್ತೆ ಅರಳು ಹಿಡಿದು, ಮತ್ತೆ ಎಣ್ಣೆ ಕುಡಿದು, ಪದರುಪದರಾಗಿ ಗಟ್ಟಿಯಾಗಿತ್ತು. ಅದರಲ್ಲಿ ಜಿರಳೆಯ ಕಾಲುಗಳು, ಕುಂಕುಮ, ಊದಿನಕಡ್ಡಿಯ ಬೂದಿ. ಸುಟ್ಟ ಎಣ್ಣೆಯ ನಾತ ಮನೆ ತುಂಬಿತು. ಕೆಳಗೆ ಗ್ರಾಫಿಕ್ಸ್ ಕಾರ್ಡ್ ಅಲುಗಾಡಬಾರದೆಂದು ಯಾರೋ ಖಾಲಿ ಗುಟಖಾ ಚೀಟಿಯೊಂದನ್ನು ಮಡಚಿ ಸಂದಿಗೆ ತುರುಕಿದ್ದರು. ಯಾರೋ ಎಂದು ಯಾಕೆ ಬರೆಯಲಿ, ಅವನೇ. ಆಮೇಲೆ ಕಚೇರಿಯಲ್ಲಿ ಕೇಳಿದಾಗ ಗೊತ್ತಾಯಿತು: ಆಟ ಆಡುವಾಗ ಮಷೀನಿಗೆ ದುಡಿಮೆ ಹೆಚ್ಚು, ಬಿಸಿ ಹೆಚ್ಚು, ಗಾಳಿ ಸಿಗದೆ ಕಾದರೆ ಸುಡಬಾರದೆಂದು ಅದು ತಾನೇ ನಿಧಾನವಾಗುತ್ತದೆ. ಗಿಡ ಮಳೆ ಎಲ್ಲ ತೆಗೆದರೂ ಉಪಯೋಗವಾಗದೇ ಇದ್ದದ್ದು ಅದಕ್ಕೆ.

ಆ ಕಂಬಳಿಯ ತುಂಡನ್ನು ಎರಡು ಬೆರಳಲ್ಲಿ ಕಿತ್ತು ಅವನ ಮುಂದೆ ಹಿಡಿದೆ. “ಕೈಯಾಗ ಜೀವ ಇಲ್ಲಂದ್ರಿ. ಇದೇನ್ರಿ ಮತ್ತ?”

ಒಂದು ಸಲ, ಒಂದೇ ಸಲ, ತಪ್ಪಾಯಿತು ಅಂದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಅವನು ಬಗ್ಗಿ ಮೂಸಿದ. “ಇದು ನನ್ನ ಎಣ್ಣಿ ಅಲ್ರಿ” ಅಂದ. “ಇದು ಹೊರಗಿನ ಧೂಳು. ಬಸ್‌ಸ್ಟ್ಯಾಂಡ್ ಕಡಿಂದ ಗಾಳಿಗೆ ಬಂದೈತಿ. ನಮ್ಮ ಅರಳಂತೂ ಅಲ್ಲ ಅಲ್ಲ.”

“ಇಲ್ಲಿ ತಾ ಇಲ್ಲಿ” ಎಂದು ಅಪ್ಪ ಕೈ ಚಾಚಿದ.

ಆ ಹೊಲಸನ್ನು ಅವನ ಅಂಗೈಗೆ ಹಾಕಿದೆ. ಅಪ್ಪ ಅದರ ಅಂಚಿನಿಂದ ಒಂದು ಎಳೆ ಹಿರಿದು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊಸೆದ. ಕಣ್ಣು ಕಿರಿದು ಮಾಡಿ ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಹೊಸೆದ. “ಸುಳ್ಳ ಹೇಳಬ್ಯಾಡಲೇ. ನಮ್ಮ ಶೆಡ್ಡಿನ ನೂಲ ಇದು. ಸೀರಿ ಸೆರಗಿಗೆ ಹಾಕೂದು. ಎಣ್ಣೀನೂ ನಿಂದ” ಅಂದ. ಅವನು ಮತ್ತೇನೋ ಹೇಳಲು ಬಾಯಿ ತೆರೆದು ಹಾಗೇ ನಿಂತ. ನಾನು ನೋಡಿದೆ. ಬಾಗಿಲಲ್ಲಿದ್ದ ಅವ್ವ ನೋಡಿದಳು. ಅಪ್ಪ ಎಳೆ ಹೊಸೆಯುತ್ತಿದ್ದದ್ದು ಬಲಗೈಯಲ್ಲಿ.

ಕೊನೆಗೆ ತಿಳಿದದ್ದು ಅಪ್ಪನಿಗೇ. ಎಳೆ ಹಿಡಿದಿದ್ದ ತನ್ನ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. ಆಟವಾಡಿ ಆಡಿ ಬೆರಳು ಯಾವಾಗಲೋ ತಿರುಗಿ ಬಂದಿದ್ದವು. ಮಷೀನು ಹೇಳುತ್ತಿದ್ದ ಸುಳ್ಳನ್ನು ನಂಬಿ ನಾವೇ ಅವಕ್ಕೆ ಟವೆಲ್ ಹೊದಿಸಿದ್ದೆವು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಮೊದಲು ಮಾತಾಡಿದವನು ಯಾರು? ಅವನೇ. “ನಾ ಹೇಳಿದ್ದಿಲ್ಲೇನ್ರಿ ಕಾಕಾ, ಕೈಗೆ ಕೆಲಸ ಕೊಡಬೇಕಂತ. ಅದಕ್ಕಂತನ ಆ ಆಟ ಹಾಕಿ ಕೊಟ್ಟಿದ್ದೆ” ಅಂದ. ಮುಖದ ಮೇಲೆ ನಾಚಿಕೆಯ ಗುರುತೇ ಇರಲಿಲ್ಲ. ಸಂಜೆಯ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ: ಲಕ್ವಾ ಹೊಡೆದ ಕೈಯನ್ನು ಅವನು ಕಂಪ್ಯೂಟರ್ ಹಚ್ಚಿ ಎಬ್ಬಿಸಿದನಂತೆ. ರಬಕವಿಯಿಂದ ಒಬ್ಬರು ತಮ್ಮ ಮಾವನನ್ನು ಕರೆದುಕೊಂಡು ಅವನ ಸೆಂಟರಿಗೆ ಬಂದರಂತೆ.

ಫ್ಯಾನು ಹೊಸದು ಹಾಕಿಸಿದೆ, ಜಮಖಂಡಿಯಿಂದ ಬೇರೆಯವರನ್ನು ಕರೆಸಿ. ಸೆಟ್ಟಿಂಗ್ ಎಲ್ಲ ನಾನೇ ಏರಿಸಿದೆ. ಗುಡ್ಡ ಬಂತು, ಮಳೆ ಬಂತು. “ಗಿಡಾ ಬಂದುವು ನೋಡ” ಎಂದು ಅಪ್ಪ ಅವ್ವನನ್ನು ಕರೆದು ತೋರಿಸಿದ. ಸೇತುವೆ ದಾಟಿ ಬಲಕ್ಕೆ ತಿರುಗಿಸಿದ, ಕಾರು ತಿರುಗಿತು. ಪಾಡ್ಯದ ದಿನ ಮಗ್ಗದ ಮುಂದೆ ನಿಂತು ಗಂಟು ಹಾಕಿದ. ಬಹಳ ಹೊತ್ತು ಹಿಡಿಯಿತು, ಎಳೆ ಮತ್ತೆ ಮತ್ತೆ ಜಾರಿತು. ಆದರೆ ಹಾಕಿದ. ಮಗ್ಗ ಕೊಳ್ಳುವವರು ಮತ್ತೆ ಬಂದಾಗ ಅವರಿಗೆ ಚಹಾ ಕುಡಿಸಿ ಕಳಿಸಿದೆವು.

ಪಾಡ್ಯದ ಹಿಂದಿನ ದಿನ, ಅಮಾವಾಸ್ಯೆಗೆ, ಅವನು ಏನೂ ಆಗದವನಂತೆ ಕುಪ್ಪಿ ಹಿಡಿದು ಬಂದಿದ್ದ. ಮಗ್ಗಕ್ಕೆ ಎಣ್ಣೆ ಬಿಟ್ಟು ನಡುಮನೆಯ ಕಡೆ ಹೊರಟ. ಅಪ್ಪ ಬಾಗಿಲಿಗೆ ಕೋಲು ಅಡ್ಡ ಹಿಡಿದ.

“ತಿರಗೂದಕ್ಕೆಲ್ಲಾ ಎಣ್ಣಿ ಬೇಕಲ್ರಿ ಕಾಕಾ.”

“ಎಣ್ಣಿ ಇಲ್ಲದ ತಿರಗೂದಂದ್ರ ನಿನ್ನ ನಾಲಿಗಿ ಒಂದ ನೋಡಲೇ” ಎಂದ ಅಪ್ಪ. ಅವನು ಹೆಹ್ಹೆ ಎಂದು ನಕ್ಕ, ಜಂತಿ ನೋಡಿದ, ಹೋಳಿಗೆ ತಿಂದು ಹೋದ. ಆ ಮೇಲೂ ಬರುವುದು ಬಿಡಲಿಲ್ಲ. ಅಪ್ಪ ತೀರಿಕೊಂಡ ತಿಂಗಳ ಅಮಾವಾಸ್ಯೆಗೂ ಬಂದು, ನಿಂತ ಮಗ್ಗಗಳಿಗೆ ಎಣ್ಣೆ ಬಿಟ್ಟು ಹೋದ. ಅವತ್ತಾದರೂ ಬಾಯಿ ಖಾಲಿ ಇರಬಹುದು ಅಂದುಕೊಂಡಿದ್ದೆ, ಇರಲಿಲ್ಲ.

ಹೋದ ವಾರ ಅವನ ಹೆಂಡತಿಯನ್ನು ಮಾತಾಡಿಸಲು ಹೋದೆ. ಸತ್ತವರ ಮನೆಗೆ ಹೋಗಿ ನಾಲ್ಕು ಮಾತಾಡಿ ಬರುವುದು ನಮ್ಮಲ್ಲಿ ತಪ್ಪಿಸುವಂತಿಲ್ಲ. ಗೋಡೆಯ ಮೇಲೆ ಅವನ ಫೋಟೋ, ಪಕ್ಕದಲ್ಲಿ ಆ ಸರ್ಟಿಫಿಕೇಟು, ಗೂಡಿನಲ್ಲಿ ಉದ್ದ ಮೂಗಿನ ಕುಪ್ಪಿ. ಅವಳು ಚಹಾ ಕೊಟ್ಟು ಎದುರಿಗೆ ಕೂತಳು. ಅತ್ತು ಮುಗಿದ ಮುಖ. ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು:

“ಒಂದ ಮಾತ ಕೇಳತೇನ್ರಿ ಅಕ್ಕಾರ. ನನ್ನ ಮನಸ್ಸಿಗೆ ಛಲೋ ಆಗಲಿ ಅಂತ ಹೇಳಬ್ಯಾಡ್ರಿ, ಖರೆ ಹೇಳ್ರಿ. ಇವರು ಬಾಳ ಸುಳ್ಳ ಹೇಳತಿದ್ರು. ಬಾಳೇವು ಮಾಡಿದಾಕಿ, ನನಗ ಗೊತ್ತಿಲ್ಲೇನು? ನಿಮ್ಮ ಅಪ್ಪಾರ ಕೈ ತಾವ ಎಬ್ಬಿಸೇನಂತ ಸಾಯೂತನಕ ಹೇಳಿದ್ರು. ಅದೊಂದರ ಖರೆ ಏನ್ರಿ?”

ಈ ಪ್ರಶ್ನೆಗೆ ಉತ್ತರವನ್ನು ನಾನು ಎಷ್ಟೋ ವರ್ಷದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಸುಳ್ಳು, ಶುದ್ಧ ಸುಳ್ಳು, ನಿಮ್ಮ ಗಂಡ ನಮ್ಮ ಅಪ್ಪನ ಕೈ ಕೊಲ್ಲಲು ಹೊರಟಿದ್ದ ಎನ್ನಬೇಕು. ಬಾಯಿ ತೆರೆದೆ. ಆಗ ಅಪ್ಪನ ಬೆರಳುಗಳು ಕಣ್ಣ ಮುಂದೆ ಬಂದವು. ಯಾರೂ ಕೇಳದೆಯೇ ಆ ಆಟ ಹಾಕಿಕೊಟ್ಟವನು ಅವನು. ಅವನ ಎಣ್ಣೆ ಇಲ್ಲದಿದ್ದರೆ ಅರಳು ಹಾಗೆ ಕಂಬಳಿಯಾಗುತ್ತಿರಲಿಲ್ಲ. ಅದನ್ನು ಮುಖಕ್ಕೆ ಹಿಡಿದಾಗ ಅವನು ನಿಜ ಒಪ್ಪಿಕೊಂಡಿದ್ದರೆ ಅಪ್ಪ ಅದನ್ನು ಕೈಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಟವೆಲಿನ ಕೆಳಗೆ ಆ ಬೆರಳು ಸೆಟೆದು ಹೋಗುತ್ತಿದ್ದವು. ಅಪ್ಪ ಕೈ ಚಾಚಿದ್ದು ಆ ಹಲ್ಕಟ್ ಸುಳ್ಳನ್ನು ಹಿಡಿಯಲಿಕ್ಕೆ. ಎಲ್ಲಿಂದ ಹಿಡಿದು ಎಳೆದರೂ ಎಳೆ ಹೋಗಿ ಅವನ ಕುಪ್ಪಿಗೇ ಮುಟ್ಟುತ್ತಿತ್ತು.

“ಖರೆ ಐತ್ರಿ” ಅಂದೆ. “ಅವರಿಂದನ ಕೈ ಬಂತು.”

ಅವಳು ನನ್ನ ಕೈ ಹಿಡಿದು ಅತ್ತಳು. ಸುಳ್ಳಾಗಿದ್ದರೆ ಆ ಮಾತನ್ನು ಸಲೀಸಾಗಿ ಹೇಳಿ, ಒಂದಿಷ್ಟು ಪುಣ್ಯ ಕಟ್ಟಿಕೊಂಡು ಮನೆಗೆ ಬರುತ್ತಿದ್ದೆ. ಅದು ಖರೆ ಇತ್ತು. ನನಗೆ ಇಷ್ಟು ಹೇಸಿಗೆ ಅದಕ್ಕೇ.